ಮನೆ ಆಫೀಸಿಗೆ ಹತ್ತಿರವೋ, ತವರಿಗೆ ಹತ್ತಿರವೋ?

ಪ್ರಶ್ನೆ: ನನಗೆ 37 ವರ್ಷ. ಮಂಡ್ಯದ ವಿದ್ಯಾನಗರದಲ್ಲಿ ಗಂಡ, ಐದನೇ ತರಗತಿಯ ಮಗಳು ಮತ್ತು ಅತ್ತೆಯ ಜೊತೆ ಇದ್ದೇನೆ. ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಯಜಮಾನರು ಇಷ್ಟು ವರ್ಷ ರೈಲಿನಲ್ಲಿ ಮೈಸೂರಿಗೆ ಹೋಗಿಬಂದು ಕೆಲಸ ಮಾಡುತ್ತಿದ್ದರು. ಈಗ ಕಂಪನಿ ಅಲ್ಲಿನ ಶಾಖೆ ಮುಚ್ಚಿ ಎಲ್ಲರನ್ನೂ ಬೆಂಗಳೂರಿನ ಕುಂದಲಹಳ್ಳಿ ಆಫೀಸಿಗೆ ಕರೆದಿದೆ. ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮನೆಯಿಂದ ಕೆಲಸ. ಅವರು ಅದರ ಹತ್ತಿರದ ವೈಟ್‌ಫೀಲ್ಡ್‌ನಲ್ಲಿ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್ ನೋಡಿ ಬಂದಿದ್ದಾರೆ. ಸಾಲ ಮಾಡಿ ಕೊಂಡೇಬಿಡೋಣ, ಈ ತಿಂಗಳೇ ಟೋಕನ್ ಕೊಡೋಣ ಅನ್ನುತ್ತಾರೆ. ನಾನು ಮೈಸೂರು ರಸ್ತೆಯ ಕೆಂಗೇರಿ ಕಡೆ ಇರೋಣ ಅಂದೆ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ತಂದೆ ಒಬ್ಬರೇ ಇದ್ದಾರೆ, ಸಕ್ಕರೆ ಕಾಯಿಲೆ, ಕಣ್ಣೂ ಮಂಜು. ಮೆಟ್ರೋ ಇದೆ, ನೀರಿದೆ ಎಂದು ಎಷ್ಟು ಕಾರಣ ಹೇಳಿದರೂ ‘ನಿನಗೆ ತವರು ಬಿಟ್ಟಿರೋಕ್ಕಾಗಲ್ಲ ಅನ್ನು’ ಎಂದುಬಿಟ್ಟರು. ಅತ್ತೆಯನ್ನು ಕೇಳಿದರೆ ‘ನಂಗೆ ಎಲ್ಲಾದ್ರೂ ಸರಿ ಕಣವ್ವ’ ಅನ್ನುತ್ತಾರೆ. ನಾನು ಹಟ ಮಾಡುತ್ತಿದ್ದೇನಾ?

ಉತ್ತರ: ಇಲ್ಲ, ಇದು ಹಟ ಅಲ್ಲ. ಕಣ್ಣು ಮಂಜಾದ ತಂದೆಯ ಹತ್ತಿರ ಇರಬೇಕು ಅನ್ನುವುದಕ್ಕೆ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ಗಂಡನಿಗೆ ನೀವು ಮೆಟ್ರೋ ಎಂದಿರಿ, ನೀರು ಎಂದಿರಿ. ‘ಅಪ್ಪನನ್ನು ಬಿಟ್ಟು ಅಷ್ಟು ದೂರ ಹೋದರೆ ರಾತ್ರಿ ನಿದ್ದೆ ಬರೋಲ್ಲ’ ಎಂದು ಅವರಿಗೆ ಒಮ್ಮೆಯಾದರೂ ನೇರವಾಗಿ ಹೇಳಿದ್ದೀರಾ? ಪತ್ರ ಓದಿದರೆ ಹೇಳಿದಂತೆ ಕಾಣುವುದಿಲ್ಲ. ಒಳಗಿನ ಕಾರಣ ಒಳಗೇ ಉಳಿದಾಗ ಎದುರಿಗಿದ್ದವರು ಅದನ್ನು ಊಹಿಸಿ ಆಡುತ್ತಾರೆ, ಊಹೆಗೆ ಕೊಂಕಿನ ರುಚಿ ಬಂದುಬಿಡುತ್ತದೆ. ಅವರು ಆಡಿದ ಮಾತು ನೋಯಿಸುವಂಥದ್ದೇ, ಅದನ್ನು ಅವರಿಗೆ ತಿಳಿಸಿ. ಆಮೇಲೆ ಅಪ್ಪನ ವಿಷಯವನ್ನು ಮೆಟ್ರೋ ಹಿಂದೆ ಅಡಗಿಸದೆ ಮುಂದಿಡಿ.

ಈಗ ಮನೆಯ ಮಾತಿಗೆ ಬರೋಣ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸದ್ಯಕ್ಕೆ ಎಲ್ಲೂ ಕೊಳ್ಳಬೇಡಿ. ಮೈಸೂರಿನಲ್ಲಿದ್ದ ಶಾಖೆಯನ್ನೇ ಎತ್ತಿಕೊಂಡು ಹೋದ ಕಂಪನಿ ನಾಳೆ ಕುಂದಲಹಳ್ಳಿಯಿಂದ ಹೆಬ್ಬಾಳದ ಕಡೆಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ? ಅಥವಾ ನಿಮ್ಮ ಯಜಮಾನರೇ ಎರಡು ವರ್ಷದಲ್ಲಿ ಬೇರೆ ಕೆಲಸ ಹಿಡಿಯಬಹುದು. ಇಪ್ಪತ್ತು ವರ್ಷ ತೀರಿಸುವ ಸಾಲವನ್ನು ಆಫೀಸಿನ ವಿಳಾಸ ನೋಡಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಹಳೇ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ, ಚೌಕಾಶಿ ಮಾಡಬಹುದು. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎನ್ನುವುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.

ಇನ್ನು ಯಾವ ಕಡೆ? ಆ ಮನೆಯಲ್ಲಿ ಹಗಲಿಡೀ ಇರುವವರು ಯಾರು ಎಂದು ಯೋಚಿಸಿ. ಯಜಮಾನರು ವಾರಕ್ಕೆ ಮೂರು ದಿನ ಹೊರಗೆ. ನೀವು, ಅತ್ತೆ, ಶಾಲೆ ಮುಗಿಸಿ ಬರುವ ಮಗಳು ದಿನವೂ ಅಲ್ಲೇ. ಮೂರು ದಿನದ ಪ್ರಯಾಣಕ್ಕಾಗಿ ಮೂವರ ಏಳು ದಿನವನ್ನು ಹೊಂದಿಸುವುದಕ್ಕಿಂತ, ಏಳು ದಿನ ಚೆನ್ನಾಗಿರುವ ಕಡೆ ಮನೆ ಮಾಡಿ ಆ ಮೂರು ದಿನವನ್ನು ಹಗುರ ಮಾಡಿಕೊಳ್ಳುವುದು ಮೇಲು.

ಹಗುರ ಮಾಡಿಕೊಳ್ಳಲು ಈಗ ದಾರಿಯೂ ಇದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದಿಂದ ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್ ಹಾದು ವೈಟ್‌ಫೀಲ್ಡಿನವರೆಗೆ ಒಂದೇ ಗಾಡಿಯಾಗಿ ಓಡುತ್ತಿದೆ. ಎಲ್ಲೂ ಇಳಿದು ಹತ್ತಬೇಕಿಲ್ಲ, ಕುಂದಲಹಳ್ಳಿಯಲ್ಲೇ ನಿಲ್ದಾಣ. ಕೆಂಗೇರಿಯಿಂದ ಸುಮಾರು ಒಂದೂಕಾಲು ಗಂಟೆ, ವಿಜಯನಗರದಿಂದ ಹೆಚ್ಚುಕಡಿಮೆ ಒಂದು ಗಂಟೆ. 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು, ಅಷ್ಟು ದೂರಕ್ಕೆ ಹೆಚ್ಚುಕಡಿಮೆ ಅದನ್ನೇ ಲೆಕ್ಕ ಹಿಡಿಯಿರಿ. ಕೆಂಗೇರಿಯಲ್ಲಿ ಬೆಳಿಗ್ಗೆ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು, ವಿಜಯನಗರದ ಹೊತ್ತಿಗೆ ನಿಂತುಕೊಂಡೇ ಹೋಗಬೇಕಾದೀತು. ದಿನವೂ ಮಂಡ್ಯದಿಂದ ಮೈಸೂರಿಗೆ ರೈಲು ಹಿಡಿದವರಿಗೆ ಇದು ಹೊಸ ಕಷ್ಟವೇನಲ್ಲ. ಆದರೆ ಇದೇ ದೂರವನ್ನು ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಂಜೆ ಹೊತ್ತು ಎರಡು ಗಂಟೆ ಮೀರಬಹುದು. ಆಗ ನಿಮ್ಮ ಯಜಮಾನರ ವಾದವೇ ಗೆಲ್ಲುತ್ತದೆ.

ಆದ್ದರಿಂದ ಮನೆಗೆ ಒಂದು ಷರತ್ತು ಹಾಕಿಕೊಳ್ಳಿ: ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಉಲ್ಲಾಳದ ಕಡೆ, ವಿಶ್ವೇಶ್ವರಯ್ಯ ಬಡಾವಣೆಯ ಒಳಗೆ ಬಾಡಿಗೆ ಕಡಿಮೆ ಎಂದು ಹೋದರೆ ನಿಲ್ದಾಣಕ್ಕೆ ಆಟೋ ಹುಡುಕುವುದೇ ಒಂದು ಕೆಲಸ. ಅಷ್ಟು ದೂರದ ಮನೆಗೆ ಗಂಡನನ್ನು ಒಪ್ಪಿಸಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

ನನ್ನನ್ನು ಕೇಳಿದರೆ, ಕೆಂಗೇರಿಗಿಂತ ಮೊದಲು ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರದ ಸುತ್ತ ನೋಡಿ. ಬಾಡಿಗೆ ಹೆಚ್ಚು, ಮನೆಗಳು ಇಕ್ಕಟ್ಟು, ಕಾರು ನಿಲ್ಲಿಸಲು ಜಾಗ ಸಿಗದು. ಆದರೂ ಅಲ್ಲಿ ಬೀದಿಗೆ ಇಳಿದರೆ ತರಕಾರಿ, ಹೂವು, ದೇವಸ್ಥಾನ ಎಲ್ಲ ನಡಿಗೆಯ ದೂರದಲ್ಲಿವೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಮಗಳನ್ನು ಕಳಿಸಬಹುದು. ಹಾಸನ, ತುಮಕೂರು, ಮಂಡ್ಯದಿಂದ ಬಂದು ನೆಲೆಸಿದ ಸಂಸಾರಗಳು ಬೇಕಾದಷ್ಟಿವೆ, ಹಾಗಾಗಿ ನಿಮ್ಮ ಟ್ಯೂಷನ್ ಮತ್ತೆ ಚಿಗುರಲು ಬಹಳ ಕಾಲ ಬೇಡ. ಆ ಟ್ಯೂಷನ್ ಬಗ್ಗೆ ನೀವು ಪತ್ರದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ನನಗೆ ಬೇಸರವಾಯಿತು. ಅದು ನಿಮ್ಮ ದುಡಿಮೆ. ಎಲ್ಲಿ ಇರಬೇಕು ಎನ್ನುವ ಲೆಕ್ಕದಲ್ಲಿ ನಿಮ್ಮ ಗಂಡನ ಸಂಬಳದ ಪಕ್ಕದಲ್ಲೇ ಅದನ್ನೂ ಬರೆಯಿರಿ.

ಅಪ್ಪನ ಊರಿಗೂ ಈ ಕಡೆಯೇ ಅನುಕೂಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ದೀಪಾಂಜಲಿನಗರ ಮೆಟ್ರೋ ಹತ್ತಿರವೇ ಇದೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿಗೆ ನೀವು ದುಡ್ಡು ಕೊಡಬೇಕಿಲ್ಲ. ಬೆಳಿಗ್ಗೆ ಹೊರಟು ಅಪ್ಪನಿಗೆ ಊಟ ಬಡಿಸಿ, ಮಗಳು ಶಾಲೆಯಿಂದ ಬರುವಷ್ಟರಲ್ಲಿ ಹಿಂತಿರುಗಬಹುದು. ವೈಟ್‌ಫೀಲ್ಡಿನಿಂದಾದರೆ ಊರು ದಾಟುವುದಕ್ಕೇ ಹೋಗುವಾಗ ಬರುವಾಗ ಸೇರಿ ಎರಡು ಗಂಟೆಗೂ ಹೆಚ್ಚು ಬೇಕು.

ನೀರಿನ ಮಾತು ಎತ್ತಿದ್ದೀರಿ. ಬೆಂಗಳೂರಿಗೆ ಹೋಗುವ ಕಾವೇರಿ ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಪಂಪ್ ಆಗುತ್ತದೆ, ಆದರೆ ನಗರದ ಎಲ್ಲ ಮನೆಗೂ ಒಂದೇ ರೀತಿ ತಲುಪುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ವೈಟ್‌ಫೀಲ್ಡ್ ಸುತ್ತಲಿನ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್‌ಗೆ ಕಾದದ್ದು ನಿಮಗೂ ನೆನಪಿರಬಹುದು. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆ ಶುರುವಾಗಿ, ಬೆಂಗಳೂರು ಪಾಲಿಕೆಗೆ ಆಮೇಲೆ ಸೇರಿಸಿದ 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಕೊಡುವ ವ್ಯವಸ್ಥೆ ಆಗಿದೆ, ಪರಿಸ್ಥಿತಿ ಸುಧಾರಿಸುತ್ತದೆ. ಆದರೂ ಬಡಾವಣೆಯ ಹೆಸರು ನಂಬಬೇಡಿ. ಆ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ಸಲ ನೀರು ಬರುತ್ತದೆ, ಏಪ್ರಿಲ್‌ನಲ್ಲಿ ಏನು ಮಾಡಿದಿರಿ ಎಂದು ಬಾಡಿಗೆದಾರರನ್ನೇ ಕೇಳಿ. ಮಾಲೀಕರ ಉತ್ತರ ಸಾಲದು. ಕೆಂಗೇರಿಯಲ್ಲಿ ಮನೆ ನೋಡುವುದಾದರೆ ವೃಷಭಾವತಿ ಎಷ್ಟು ಹತ್ತಿರ ಹರಿಯುತ್ತದೆ ಎನ್ನುವುದನ್ನೂ ಗಮನಿಸಿ. ಊರಿನ ಕೊಳಚೆ ಹೊತ್ತ ನದಿ ಅದು. ಹಗಲು ಗೊತ್ತಾಗದ ವಾಸನೆ ಸಂಜೆ ಮೇಲೆ ಮನೆಯೊಳಗೆ ಬರುತ್ತದೆ, ಸಂಜೆಯೇ ಹೋಗಿ ನೋಡಿ.

ವೈಟ್‌ಫೀಲ್ಡ್ ಕೆಟ್ಟ ಜಾಗ ಎಂದು ನಾನು ಹೇಳಲಾರೆ. ಅಲ್ಲಿ ಕನ್ನಡವೇ ಇಲ್ಲ ಅನ್ನುವವರು ಕಾಡುಗೋಡಿ, ಹೂಡಿ, ವರ್ತೂರಿನಂಥ ಹಳೇ ಊರುಗಳನ್ನು ಕಂಡಿಲ್ಲ. ನಿಮ್ಮ ಯಜಮಾನರನ್ನು ವಾರಕ್ಕೆ ಐದು ದಿನ ಕರೆಯುತ್ತಿದ್ದರೆ, ರಾತ್ರಿ ಪಾಳಿ ಇದ್ದಿದ್ದರೆ, ಆಫೀಸಿನ ಹತ್ತಿರವೇ ಇರಿ ಎಂದು ನಾನೇ ಬರೆಯುತ್ತಿದ್ದೆ. ಮೂರು ದಿನ ಎನ್ನುವುದು ಬಾಯಿಮಾತೋ, ಲಿಖಿತವಾಗಿ ಬಂದಿದೆಯೋ ಅವರನ್ನು ಕೇಳಿ. ನನ್ನ ಸಲಹೆ ನಿಂತಿರುವುದು ಅದರ ಮೇಲೆ.

ಇನ್ನು ಅತ್ತೆ. ‘ಎಲ್ಲಾದ್ರೂ ಸರಿ’ ಎನ್ನುವ ಮಾತನ್ನು ದಯವಿಟ್ಟು ಒಪ್ಪಿಗೆ ಎಂದು ತಿಳಿಯಬೇಡಿ. ಮಗ ಸೊಸೆ ಜಗಳವಾಡುವಾಗ ನಡುವೆ ಬರಬಾರದೆಂದು ಹಿರಿಯರು ಆಡುವ ಮಾತದು. ಜೀವಮಾನವೆಲ್ಲ ಜಗಲಿ, ಬೀದಿ, ಪಕ್ಕದ ಮನೆಯವರ ಜೊತೆ ಕಳೆದವರು ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಗುಂಡಿ ಒತ್ತಲು ಹೆದರಿ ಒಳಗೇ ಕೂತುಬಿಡಬಹುದು. ಅಂಥ ಹಿರಿಯರ ಬಗ್ಗೆ ನನಗೆ ಬರುವ ಪತ್ರಗಳು ಕಡಿಮೆಯಲ್ಲ. ಎರಡೂ ಕಡೆಗೆ ಅವರನ್ನು ಕರೆದುಕೊಂಡು ಹೋಗಿ, ಫ್ಲ್ಯಾಟ್‌ಗೂ ಸೇರಿ. ಅಲ್ಲಿ ಹೋದ ಮೇಲೆ ಏನನ್ನಿಸಿತು ಎಂದು ಅವರ ಮಗನೇ ಕೇಳಲಿ, ನೀವು ಕೇಳಬೇಡಿ. ನಿಮಗೆ ಹೇಳದ್ದನ್ನು ಅವನಿಗೆ ಹೇಳಿಯಾರು. ಫ್ಲ್ಯಾಟೇ ಅವರಿಗೆ ಹಿಡಿಸಿದರೆ ಅದನ್ನೂ ನೀವು ಮನಸಾರೆ ಕೇಳಿಸಿಕೊಳ್ಳಬೇಕಾಗುತ್ತದೆ.

ಯಜಮಾನರಿಗೂ ಒಂದು ಮಾತು ತಿಳಿಸಿ. ಆಫೀಸಿಗೆ ಹೋಗುವ ದಿನಗಳಲ್ಲಿ ಎರಡರಿಂದ ಎರಡೂವರೆ ಗಂಟೆ ಅವರು ಮೆಟ್ರೋದಲ್ಲಿ ಕಳೆಯುತ್ತಾರೆ, ಅದು ಸಣ್ಣ ತ್ಯಾಗವಲ್ಲ, ನಿಮಗದು ಗೊತ್ತಿದೆ ಎಂದು ಬಾಯಿಬಿಟ್ಟು ಹೇಳಿ. ಒಂದು ವಾರ ಅತ್ತಿಗುಪ್ಪೆಯ ಕಡೆ ನೆಂಟರೋ ಪರಿಚಯದವರೋ ಇದ್ದರೆ ಅಲ್ಲಿ ಉಳಿದು ಆಫೀಸಿಗೆ ಹೋಗಿಬರಲಿ. ದೇಹಕ್ಕೆ ಆಗದು ಅನಿಸಿದರೆ ಬೈಯಪ್ಪನಹಳ್ಳಿ, ಇಂದಿರಾನಗರದ ಕಡೆ ನಡುದಾರಿಯ ಮನೆ ಹುಡುಕಬಹುದು, ಬಾಡಿಗೆ ಮಾತ್ರ ಜಾಸ್ತಿ ಇರುತ್ತದೆ.

ಅಲ್ಲಿಯವರೆಗೆ ಟೋಕನ್ ಕೊಡಬೇಡಿ ಎಂದು ಇವತ್ತೇ ಹೇಳಿ. ‘ಈ ತಿಂಗಳೇ ಕೊಡಿ, ಇಲ್ಲದಿದ್ದರೆ ಕೈತಪ್ಪುತ್ತದೆ’ ಎಂದು ಬಿಲ್ಡರ್ ಕಡೆಯವರು ಅವಸರ ಮಾಡಿದರೆ, ಸ್ವಾಧೀನ ಪ್ರಮಾಣಪತ್ರ (ಕಟ್ಟಡ ವಾಸಕ್ಕೆ ಸಿದ್ಧವೆಂದು ಕೊಡುವ ಓಸಿ) ಮತ್ತು ಖಾತೆಯ ಪ್ರತಿ ಮೊದಲು ಕಳಿಸಿ ಎಂದು ಯಜಮಾನರು ಕೇಳಲಿ. ಅಪ್ಪನ ಮಾತನ್ನು ಆಡಲು ಮಾತ್ರ ಮನೆ ಸಿಗುವವರೆಗೆ ಕಾಯಬೇಡಿ.