ಅಮೆರಿಕದಲ್ಲಿ ಈಜುತ್ತಾ ಓದೋದು ಹೇಗಿರುತ್ತೆ ಅಂತ ಕೇಳಿದ ತಂಗಿಗೆ

ತಂಗಿ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಬರೋ ಆಗಸ್ಟಿಗೆ ಇಲ್ಲಿನ ಕಾಲೇಜಿನ ಈಜು ತಂಡ ಸೇರುತ್ತಿದ್ದೀಯ, ಅರ್ಧಕ್ಕಿಂತ ಜಾಸ್ತಿ ಸ್ಕಾಲರ್‌ಶಿಪ್ ಸಿಕ್ಕಿದೆ, ದಾವಣಗೆರೆಯಲ್ಲಿ ನಿನ್ನ ಅಪ್ಪ ಅಮ್ಮನಿಗೆ ಖುಷಿಯೂ ಇದೆ, ಭಯವೂ ಇದೆ. "ಅಕ್ಕ, ಓದು, ಈಜು ಎರಡೂ ಆಗುತ್ತಾ? ಮುಗಿದ ಮೇಲೆ ಅಲ್ಲೇ ಇರೋಕೆ ಆಗುತ್ತಾ?" ಅಂತ ಕೇಳಿದ್ದೀಯ. ನಾನು 2013ರಲ್ಲಿ ಬೆಂಗಳೂರಿನಿಂದ ಒಹಾಯೊಗೆ ಬಂದವಳು. 2017ರಲ್ಲಿ ಡಿಗ್ರಿ ಮುಗಿಸಿದೆ, ಇವತ್ತಿಗೂ ಇದೇ ರಾಜ್ಯದಲ್ಲಿದ್ದೇನೆ. ನನಗೆ ಆಗಿದ್ದನ್ನು ಹೇಳುತ್ತೇನೆ, ಬೇಕಾದ್ದನ್ನು ತಗೋ.

ಮೊದಲು ನೀರಿನ ವಿಷಯ. ಇಲ್ಲಿ ಕಾಲೇಜು ಸೀಸನ್ ನಡೆಯೋದು 25 ಯಾರ್ಡ್ ಪೂಲಿನಲ್ಲಿ, ಅಂದರೆ 22.86 ಮೀಟರ್. ನಮ್ಮ 50 ಮೀಟರ್ ಪೂಲಿನಲ್ಲಿ 200 ಬಟರ್‌ಫ್ಲೈಗೆ 3 ಟರ್ನ್ (ಗೋಡೆ ಮುಟ್ಟಿ ತಿರುಗೋದು), ಇಲ್ಲಿ 7. ನಾನು ಭುಜದ ಬಲದಲ್ಲಿ ಈಜುತ್ತಿದ್ದವಳು, ಗೋಡೆ ಅಂದರೆ ಮುಟ್ಟಿ ಒಂದು ಉಸಿರು ತಗೊಳ್ಳೋ ಜಾಗ ಅಂದುಕೊಂಡಿದ್ದೆ. ನೀರಿನೊಳಗೆ 15 ಮೀಟರ್ ತನಕ ಡಾಲ್ಫಿನ್ ಕಿಕ್ ಹೊಡೆಯಬಹುದಲ್ವಾ, ಇಲ್ಲಿನ ಹುಡುಗಿಯರು ಅದನ್ನು ಕಡೆಯ ಇಂಚಿನವರೆಗೂ ಬಳಸುತ್ತಾರೆ. ನಾನು ಐದಾರು ಮೀಟರಿಗೇ ಗಾಳಿ ಬೇಕು ಅಂತ ಮೇಲೆ ಬರುತ್ತಿದ್ದೆ. ಮೊದಲ ಆರು ತಿಂಗಳು ಪ್ರತಿ ಗೋಡೆಯಲ್ಲೂ ಪಕ್ಕದ ಲೇನಿನವಳು ನನಗಿಂತ ಅರ್ಧ ಮೈ ಮುಂದೆ. ಹಂಗಾಗಿ ಈಗಿನಿಂದಲೇ ಟರ್ನ್ ಅಭ್ಯಾಸ ಮಾಡು.

ಇನ್ನು ಹೊತ್ತಿನ ಲೆಕ್ಕ. ಎನ್‌ಸಿಎಎ, ಅಂದರೆ ಇಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳೋ ಸಂಸ್ಥೆ, ಅದರ ನಿಯಮದಲ್ಲಿ ಸೀಸನ್ ಇದ್ದಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ವಾರದಲ್ಲಿ ಒಂದು ದಿನ ರಜೆ. ಕೇಳೋಕೆ ಚೆನ್ನಾಗಿದೆ. ಆದರೆ ಬಸ್ಸಿನಲ್ಲಿ ಕೂತ ಆರು ಗಂಟೆ, ಭುಜಕ್ಕೆ ಐಸ್ ಕಟ್ಟಿಸಿಕೊಂಡು ಕೂತ ಹೊತ್ತು ಲೆಕ್ಕಕ್ಕಿಲ್ಲ. ದಿನವಿಡೀ ಮೀಟ್ (ಸ್ಪರ್ಧೆ) ನಡೆದರೂ 3 ಗಂಟೆ ಅಂತ ಬರೆಯುತ್ತಾರೆ. "ಇಷ್ಟ ಇದ್ದವರು ಬನ್ನಿ" ಅನ್ನೋ ಪ್ರಾಕ್ಟೀಸ್ ಅಂತ ಇನ್ನೊಂದಿರುತ್ತೆ, ಅದಕ್ಕೆ ಬರದೇ ಇದ್ದವರನ್ನು ನಾನು ನಾಲ್ಕು ವರ್ಷದಲ್ಲಿ ನೋಡಲಿಲ್ಲ. ಬೆಳಿಗ್ಗೆ 5:45ಕ್ಕೆ ನೀರಿಗಿಳಿದು, ಎಂಟಕ್ಕೆ ಕ್ಲಾಸಿಗೆ ಓಡಬೇಕು. ಮೊದಲ ಜನವರಿಯಲ್ಲಿ ತಲೆ ಒರೆಸಿಕೊಂಡರೆ ಸಾಕು ಅಂತ ಹಾಗೇ ಹೊರಟೆ. ಹತ್ತು ನಿಮಿಷ ನಡೆದು ಜಡೆ ಮುಟ್ಟಿದರೆ ಕಡ್ಡಿಯ ಹಾಗೆ ಗಟ್ಟಿ. ಕ್ಲಾಸಿನಲ್ಲಿ ಕೂತ ಮೇಲೆ ಅದು ಕರಗಿ ನೋಟ್ಸಿನ ಮೇಲೆ ತೊಟ್ಟಿಕ್ಕಿತು, ಇಂಕ್ ಹರಡಿಕೊಂಡಿತು. ಅವತ್ತೇ ಹೋಗಿ ಹೇರ್ ಡ್ರೈಯರ್ ತಂದೆ. ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಚಟ್ನಿಪುಡಿ ಮಾತ್ರ ಜಾಸ್ತಿ ತಗೊಂಡು ಬಾ.

ಈಗ ನಿಜವಾಗಿ ಹೇಳಬೇಕಾದ್ದು. ನಾನು ಬಂದಿದ್ದು ಸ್ಟ್ಯಾಟಿಸ್ಟಿಕ್ಸ್ ಓದೋಕೆ. ಮೊದಲ ವಾರವೇ ಅಥ್ಲೀಟುಗಳ ಟೈಮ್‌ಟೇಬಲ್ ನೋಡಿಕೊಳ್ಳೋ ಒಬ್ಬರು, ಒಳ್ಳೇ ಮನುಷ್ಯರೇ, ನಗುನಗುತ್ತಾ ಹೇಳಿದರು: ಮಧ್ಯಾಹ್ನದ ಕ್ಲಾಸುಗಳು ಪ್ರಾಕ್ಟೀಸಿಗೆ ಅಡ್ಡ ಬರುತ್ತವೆ, ಕಮ್ಯುನಿಕೇಷನ್ ತಗೋ, ನಮ್ಮ ತಂಡದಲ್ಲಿ ತುಂಬಾ ಜನ ಅದೇ ಓದುತ್ತಾರೆ. ತಗೊಂಡೆ. ಆ ವಿಷಯ ಕೀಳು ಅಂತ ಅಲ್ಲ, ನನಗೆ ಬೇಕಾದದ್ದು ಅದಲ್ಲ ಅಷ್ಟೇ. ಮೂರನೇ ಸೆಮಿಸ್ಟರಿನಲ್ಲಿ ಲಾಂಡ್ರಿಯಲ್ಲಿ ಬಟ್ಟೆ ಒಣಗೋದನ್ನು ಕಾಯುತ್ತಾ ಕೂತಿದ್ದಾಗ ಒಬ್ಬ ಚೀನೀ ಪಿಎಚ್‌ಡಿ ಹುಡುಗಿ ಕೇಳಿದಳು, ನಿನ್ನ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಸ್ಟೆಮ್ ಪಟ್ಟಿಯಲ್ಲಿದೆಯಾ ಅಂತ. ಸ್ಟೆಮ್ ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ. ನನಗೆ ಆ ಪಟ್ಟಿಯೇ ಗೊತ್ತಿರಲಿಲ್ಲ! ನಮ್ಮಂಥ ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಒಪಿಟಿ ಅನ್ನೋ 12 ತಿಂಗಳ ಅನುಮತಿ ಸಿಗುತ್ತೆ. ವಿಷಯ ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಅಮೆರಿಕನ್ ಹುಡುಗಿಗೆ ಈ ವ್ಯತ್ಯಾಸ ಏನೂ ಅಲ್ಲ. ನಿನಗೆ, ನನಗೆ ಅದೇ ಎಲ್ಲ.

ಸ್ಟ್ಯಾಟಿಸ್ಟಿಕ್ಸ್‌ಗೆ ಬದಲಾಯಿಸೋಣ ಅಂದರೆ ಇನ್ನೊಂದು ಗಂಟು. ಎನ್‌ಸಿಎಎಯ ಮೇಲಿನ ದರ್ಜೆ ಡಿವಿಷನ್ 1ರಲ್ಲಿ ಮೂರನೇ ವರ್ಷ ಶುರುವಾಗೋ ಹೊತ್ತಿಗೆ ನಿನ್ನ ಡಿಗ್ರಿಗೆ ಬೇಕಾದ್ದರಲ್ಲಿ ಶೇಕಡಾ 40 ಮುಗಿದಿರಬೇಕು, ನಾಲ್ಕನೇ ವರ್ಷಕ್ಕೆ 60, ಇಲ್ಲದಿದ್ದರೆ ಈಜುವ ಹಾಗಿಲ್ಲ. ಮೇಜರ್ ಬದಲಿಸಿದರೆ ಹಳೆಯ ಕೆಲವು ಕ್ರೆಡಿಟ್ ಈ ಲೆಕ್ಕಕ್ಕೆ ಬರೋದಿಲ್ಲ. ಆ ಬೇಸಿಗೆ ಊರಿಗೆ ಹೋಗದೆ ಇಲ್ಲೇ ಉಳಿದು ಎರಡು ಗಣಿತದ ಕ್ಲಾಸು ಮಾಡಿ ದಡ ಸೇರಿದೆ. ಬೇಸಿಗೆ ಫೀಸಿಗೆ ಸ್ಕಾಲರ್‌ಶಿಪ್ ಇರಲಿಲ್ಲ, ಅಪ್ಪ ಎಲ್ಲಿಂದಲೋ ಹೊಂದಿಸಿ ಕಳಿಸಿದರು. ಅದರ ಬಗ್ಗೆ ಇವತ್ತಿಗೂ ಅವರು ಮಾತಾಡೋದಿಲ್ಲ, ನಾನೂ ಕೇಳಿಲ್ಲ.

ನಿಮ್ಮಪ್ಪನಿಗೆ ಧೈರ್ಯ ಬೇಕಿದ್ದರೆ ಹೇಳು, ಈ ದಾರಿ ಹೊಸದಲ್ಲ. ಟೆನಿಸ್‌ನ ಮಹೇಶ್ ಭೂಪತಿ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಆಡಿ 1995ರಲ್ಲಿ ಎನ್‌ಸಿಎಎ ಡಬಲ್ಸ್ ಗೆದ್ದರು. ಟೆನಿಸ್‌ನವರೇ ಆದ ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾಗೆ ಆಡುತ್ತಾ 2007, 2008 ಎರಡೂ ವರ್ಷ ಸಿಂಗಲ್ಸ್ ಗೆದ್ದರು. ಹೈಜಂಪಿನ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಿಂದ 2018ರಲ್ಲಿ, ಮತ್ತೆ 2022ರಲ್ಲಿ ಗೆದ್ದರು. ನಾನು ಅವರ ಸಾಲಿನವಳಲ್ಲ ಬಿಡು, ನಮ್ಮ ಕಾನ್ಫರೆನ್ಸಿನಲ್ಲಿ (ಕಾಲೇಜುಗಳ ಗುಂಪಿನ ಲೀಗ್) 11ನೇ ಸ್ಥಾನ ನನ್ನ ದೊಡ್ಡ ಸಾಧನೆ.

ದುಡ್ಡಿನ ವಿಷಯ ಚುಟುಕಾಗಿ. ಸ್ಕಾಲರ್‌ಶಿಪ್ಪಿನಲ್ಲಿ ಕಾಲೇಜು ಫೀಸಿನ ಭಾಗಕ್ಕೆ ತೆರಿಗೆ ಇಲ್ಲ, ಆದರೆ ರೂಮು, ಊಟಕ್ಕೆ ಕೊಡೋ ಭಾಗಕ್ಕೆ ಶೇಕಡಾ 14 ಹಿಡಿಯುತ್ತಾರೆ. ನನಗೆ ಈ ಬಿಲ್ ಬಂದಾಗ ಮೋಸ ಅಂದುಕೊಂಡು ಅತ್ತಿದ್ದೆ. ಭಾರತದ ವಿದ್ಯಾರ್ಥಿಗಳಿಗೆ ತೆರಿಗೆ ಒಪ್ಪಂದದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, 1040-ಎನ್‌ಆರ್ ಅನ್ನೋ ತೆರಿಗೆ ಫಾರ್ಮ್ ತುಂಬಿದರೆ ಸಾಕಷ್ಟು ವಾಪಸ್ ಬರುತ್ತೆ. ಇನ್ಸ್ಟಾಗ್ರಾಮ್ ಜಾಹೀರಾತಿಗೆ ನಿನ್ನ ಟೀಮಿನವರು ದುಡ್ಡು ತಗೊಳ್ಳುತ್ತಾರೆ, 2021ರಿಂದ ಅವರಿಗೆ ಅದು ಸರಿ. ನೀನು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಒಂದು ಸೋಪಿನ ಫೋಟೋ ಕೂಡ ಹಾಕಬೇಡ, ವೀಸಾಗೇ ಕುತ್ತು.

ಕಡೆಯ ವರ್ಷ ಸೀನಿಯರ್ ಡೇ ಅಂತ ಮಾಡುತ್ತಾರೆ. ಮನೆಯ ಪೂಲಿನ ಕೊನೆಯ ಮೀಟ್, ಒಬ್ಬೊಬ್ಬರನ್ನೇ ಅಪ್ಪ ಅಮ್ಮನ ಜತೆ ಕರೆದು ಹೂ ಕೊಡುತ್ತಾರೆ. ನಮ್ಮ ಮನೆಯಲ್ಲಿ ಟಿಕೆಟ್ ಖರ್ಚು ನೋಡಿ, ಬರೋದಾದರೆ ಒಂದೇ ಸಲ, ಮೇ ತಿಂಗಳ ಪದವಿ ಸಮಾರಂಭಕ್ಕೆ ಅಂತ ತೀರ್ಮಾನ ಆಗಿತ್ತು. ಇಲ್ಲಿ ಮಧ್ಯಾಹ್ನ ಒಂದು, ಅಲ್ಲಿ ರಾತ್ರಿ ಹನ್ನೊಂದೂವರೆ. ಫೋನ್ ಹಿಡಿದು ವಾಟ್ಸಾಪ್ ವಿಡಿಯೋದಲ್ಲಿ ಕರೆದೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಕೂತಿದ್ದಳು, ಪಕ್ಕದಲ್ಲಿ ಅಪ್ಪ ಇಸ್ತ್ರಿ ಶರ್ಟಿನಲ್ಲಿ, ಕೆಳಗೆ ಲುಂಗಿ ಅಂತ ನನಗೆ ಗೊತ್ತು. ಫೋನನ್ನು ಎದೆಗೆ ಹಿಡಿದುಕೊಂಡು ಪೂಲಿನ ಪಕ್ಕ ನಡೆದೆ. ಪರದೆ ಹೊರಗಡೆ ತಿರುಗಿಸೋದನ್ನು ಮರೆತಿದ್ದೆ, ಅವರಿಗೆ ಕಂಡದ್ದು ನನ್ನ ಜಾಕೆಟ್ಟಿನ ಜಿಪ್ ಮಾತ್ರವಂತೆ.

ಫೆಬ್ರವರಿಯಲ್ಲಿ ಕೊನೆಯ ರೇಸ್ ಮುಗಿಯಿತು, ಪದವಿಗೆ ಇನ್ನೂ ಮೂರು ತಿಂಗಳು. ಸೋಮವಾರ ಐದಕ್ಕೆ ಎಚ್ಚರ ಆಯಿತು, ಹೋಗೋಕೆ ಎಲ್ಲೂ ಇಲ್ಲ. ಒದ್ದೆ ಸ್ವಿಮ್‌ಸೂಟ್ ಬ್ಯಾಗಿನಲ್ಲೇ ಇತ್ತು, ತೆಗೆದು ಬಾಗಿಲ ಹಿಂದೆ ನೇತುಹಾಕಿದೆ. ಮೇ ತನಕ ಅಲ್ಲೇ ಇತ್ತು. ಆ ಮೂರು ತಿಂಗಳು ಕೆಟ್ಟದಾಗಿತ್ತು, ಸುಳ್ಳು ಹೇಳಲ್ಲ. ಟೀಮಿನವರು ಅಳುತ್ತಾ ಊರಿಗೆ ಹೋದರು. ನನಗೆ ಅಳೋಕೂ ಪುರುಸೊತ್ತಿರಲಿಲ್ಲ, ಒಪಿಟಿ ಶುರುವಾದ ಮೇಲೆ ಕೆಲಸ ಇಲ್ಲದೆ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎಚ್-1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಎರಡು ಸಲ ಹೆಸರು ಬರಲಿಲ್ಲ, ಮೂರನೇ ಸಲ ಬಂತು. ಲಾಂಡ್ರಿಯ ಆ ಹುಡುಗಿ ಸಿಗದೇ ಇದ್ದಿದ್ದರೆ ಮೂರನೇ ಸಲ ಅನ್ನೋದೇ ಇರುತ್ತಿರಲಿಲ್ಲ.

ಸಹಿ ಹಾಕೋ ಮುಂಚೆ ಕೋಚಿಗೆ ಒಂದು ಮೇಲ್ ಹಾಕು. ಸ್ಕಾಲರ್‌ಶಿಪ್ ಒಂದು ವರ್ಷಕ್ಕಾ, ನಾಲ್ಕಕ್ಕಾ? ಬೇಸಿಗೆ ಕ್ಲಾಸಿಗೆ ಕೊಡುತ್ತೀರಾ? ನನ್ನ ಮೇಜರ್ ಓದುತ್ತಾ ಈಜಿದವರು ನಿಮ್ಮ ತಂಡದಲ್ಲಿ ಯಾರಿದ್ದಾರೆ, ಅವರ ಜತೆ ಮಾತಾಡಬಹುದಾ? ಅಥ್ಲೀಟುಗಳಿಗೆ ಕಾಲೇಜೇ ದುಡ್ಡು ಕೊಡಬಹುದು ಅಂತ ಕೋರ್ಟಿನಲ್ಲಿ ಆದ 2025ರ ಒಪ್ಪಂದದ ನಂತರ ಅದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡದಲ್ಲಿ ಎಷ್ಟು ಜನ ಅನ್ನೋದಕ್ಕೇ ಮಿತಿ ಬಂದಿದೆ, ಹಂಗಾಗಿ ನಿನ್ನ ಜಾಗ ಗಟ್ಟಿನಾ ಅಂತಲೂ ಕೇಳು. ಉತ್ತರ ಬಂದರೆ ನನಗೆ ಕಳಿಸು, ಕೂತು ನೋಡೋಣ. ಭಾನುವಾರ ಬೆಳಿಗ್ಗೆ ಮಾತ್ರ ಫೋನ್ ಮಾಡಬೇಡ, ಒಂಬತ್ತರ ತನಕ ಮಲಗಿರುತ್ತೇನೆ.