ಮೇಲಧಿಕಾರಿ ಸುಳ್ಳು ವರದಿ ಕೇಳಿದರೆ?

ಪ್ರಶ್ನೆ: ನನ್ನ ಮೇಲಧಿಕಾರಿ ಎಲ್ಲರೆದುರು ನನ್ನನ್ನು ಒರಟಾಗಿ ಬೈಯುತ್ತಾರೆ. ಈಗ, ನಡೆಯದೇ ಇದ್ದ ತಪಾಸಣೆಯೊಂದು ನಡೆದಿದೆಯೆಂದು ವರದಿ ಬರೆದು ಸಹಿ ಹಾಕಲು ಹೇಳಿದ್ದಾರೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ತೋರಿಸಿ, ಅಧಿಕಾರವೆಲ್ಲ ದೇವರಿಂದಲೇ ಬಂದದ್ದಾದ್ದರಿಂದ ಹೇಳಿದಂತೆ ಮಾಡಬೇಕು ಎನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಆ ವರದಿಗೆ ನೀವು ಸಹಿ ಹಾಕಬಾರದು. ಹಿರಿಯರು ತೋರಿಸಿದ ವಾಕ್ಯ ಸತ್ಯವೇ. ಆದರೆ ಅದೇ ಅಧ್ಯಾಯದ 4ನೆಯ ವಚನವು ಅಧಿಕಾರಿಯನ್ನು ದೇವರ ಸೇವಕನೆಂದು, ಅದೂ ನಮ್ಮ ಹಿತಕ್ಕಾಗಿ ನೇಮಕವಾದ ಸೇವಕನೆಂದು ಕರೆಯುತ್ತದೆ. ಸುಳ್ಳುಸಾಕ್ಷಿ ಹೇಳಬಾರದೆಂದು ಯಜಮಾನನಾದ ದೇವರೇ ಆಜ್ಞಾಪಿಸಿರುವಾಗ ಅದನ್ನು ರದ್ದುಮಾಡುವ ಹಕ್ಕು ಸೇವಕನಿಗೆ ಎಲ್ಲಿಂದ ಬರಬೇಕು? ಅರಸನನ್ನು ಸನ್ಮಾನಿಸಿರಿ ಎಂದು ಬರೆದ ಅಪೊಸ್ತಲ ಪೇತ್ರನೇ, ಯೇಸುವಿನ ಹೆಸರಿನಲ್ಲಿ ಬೋಧಿಸಕೂಡದೆಂದು ಯೆಹೂದ್ಯರ ಉನ್ನತ ನ್ಯಾಯಸಭೆಯಾದ ಹಿರೀಸಭೆ ಅಪ್ಪಣೆ ಮಾಡಿದಾಗ, ಮನುಷ್ಯರಿಗಿಂತ ದೇವರಿಗೇ ವಿಧೇಯರಾಗಿರಬೇಕೆಂದು ಉತ್ತರಿಸಿದನು.

ಆದರೆ ನಿರಾಕರಿಸುವ ರೀತಿಯೂ ವಿಧೇಯತೆಯ ಭಾಗವೇ ಎಂಬುದು ನನ್ನ ದೃಢ ನಂಬಿಕೆ, ಮತ್ತು ಇಲ್ಲಿ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬಾಬೆಲಿನ ಅರಸನ ಭೋಜನದಿಂದ ತನ್ನನ್ನು ಅಶುದ್ಧಪಡಿಸಿಕೊಳ್ಳಬಾರದೆಂದು ನಿಶ್ಚಯಿಸಿದ ದಾನಿಯೇಲನು ಮೊದಲು ಅರಮನೆಯ ಸೇವಕರಾದ ಕಂಚುಕಿಯರ ಅಧ್ಯಕ್ಷನ ಬಳಿ ಅನುಮತಿ ಕೇಳಿದನು. ನಿಮ್ಮ ಮುಖ ಕಳೆಗುಂದಿದರೆ ಅರಸನು ನನ್ನ ತಲೆ ತೆಗೆಸುವನೆಂದು ಆ ಮನುಷ್ಯ ಹೆದರಿದಾಗ, ದಾನಿಯೇಲನು ಆ ಹೆದರಿಕೆಯನ್ನು ಹೀಯಾಳಿಸದೆ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ನೋಡಿರೆಂದು, ಆ ಅಧ್ಯಕ್ಷನು ನೇಮಿಸಿದ್ದ ಮೇಲ್ವಿಚಾರಕನನ್ನು ವಿನಯದಿಂದ ಬೇಡಿಕೊಂಡನು. ನಿಮ್ಮ ಮೇಲಧಿಕಾರಿಯನ್ನೂ ಅವರ ಮೇಲಿನವರು ಒತ್ತಾಯಿಸುತ್ತಿರಬಹುದು. ಅವರನ್ನು ಏಕಾಂತದಲ್ಲಿ ಕಂಡು, ನಡೆಯದ ತಪಾಸಣೆಗೆ ಸಹಿ ಹಾಕಲಾರೆನೆಂದು ಸ್ಪಷ್ಟವಾಗಿ ಹೇಳಿ. ಅದೇ ಉಸಿರಿನಲ್ಲಿ, ಆ ತಪಾಸಣೆಯನ್ನು ಈಗಲೇ ಮಾಡಿ ನಿಜವಾದ ದಿನಾಂಕದೊಂದಿಗೆ ವರದಿ ಕೊಡಲು ಸಿದ್ಧನಿದ್ದೇನೆಂದೂ ತಿಳಿಸಿ. ಅವರು ಒಪ್ಪದಿದ್ದರೆ ಸಂಸ್ಥೆಯಲ್ಲಿ ಅವರ ಮೇಲಿರುವವರಿಗೆ ಲಿಖಿತವಾಗಿ ತಿಳಿಸುವುದು ದಂಗೆಯಲ್ಲ. ಪೌಲನೂ ನ್ಯಾಯಕ್ಕಾಗಿ ರೋಮಿನ ಚಕ್ರವರ್ತಿಯಾದ ಕೈಸರನಿಗೆ ಮೊರೆಯಿಟ್ಟನು.

ಇದರಿಂದ ನಿಮಗೆ ನಷ್ಟವೇ ಆಗದೆಂದು ಮಾತು ಕೊಡಲಾರೆ. ದಾನಿಯೇಲನಿಗೆ ದಯೆ ದೊರಕಿತು, ಪೇತ್ರ ಮತ್ತು ಅವನ ಜೊತೆಯ ಅಪೊಸ್ತಲರಿಗೆ ಏಟು ಬಿದ್ದವು.

ಇನ್ನು ಬೈಗುಳದ ವಿಷಯ. ವಕ್ರಬುದ್ಧಿಯ ಯಜಮಾನರಿಗೂ ಅಧೀನರಾಗಿರಿ ಎಂಬ ಪೇತ್ರನ ಮಾತು ಮನೆಯಾಳುಗಳಿಗೆ, ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ದಾಸರಿಗೆ ಬರೆದದ್ದು. ನಿಮಗೆ ಆ ಸ್ವಾತಂತ್ರ್ಯವಿದೆ, ಅದನ್ನು ಬಳಸುವುದು ಪಾಪವಲ್ಲ. ಬೈಗುಳಕ್ಕೆ ಪ್ರತಿಯಾಗಿ ಬೈಯಬೇಡಿ, ಬೆನ್ನ ಹಿಂದೆ ಅವರನ್ನು ಹಗುರವಾಗಿ ಆಡಿಕೊಳ್ಳಲೂಬೇಡಿ. ಹಾಗೆಂದು ಅವಮಾನವನ್ನು ಬಾಯಿಮುಚ್ಚಿ ನುಂಗಬೇಕೆಂದೂ ಇಲ್ಲ: ವಿಚಾರಣೆಯಿಲ್ಲದೆ ತನ್ನನ್ನು ಬಹಿರಂಗವಾಗಿ ಹೊಡೆಸಿದ ಫಿಲಿಪ್ಪಿಯ ಅಧಿಕಾರಿಗಳು ಗುಟ್ಟಾಗಿ ಕಳುಹಿಸಲು ನೋಡಿದಾಗ, ಅವರೇ ಬಂದು ತನ್ನನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪೌಲನು ಪಟ್ಟುಹಿಡಿದನು.

ಅಧಿಕಾರಿಗಳಿಗಾಗಿ ಪ್ರಾರ್ಥಿಸಬೇಕೆಂದು ತನ್ನ ಜೊತೆಸೇವಕ ತಿಮೊಥೆಯನಿಗೆ ಬರೆದವನೂ ಪೌಲನೇ. ಆ ಹಿರಿಯರೊಂದಿಗೆ ಈ ಭಾಗಗಳನ್ನು ಕೂಡಿ ಓದಿ, ನೀವು ಮೇಲಧಿಕಾರಿಯನ್ನು ಕಾಣುವ ಮುನ್ನ ನಿಮ್ಮಿಬ್ಬರಿಗಾಗಿಯೂ ಪ್ರಾರ್ಥಿಸಲು ಅವರನ್ನು ಕೇಳಿಕೊಳ್ಳಿ.