ಫ್ಯಾನ್ ತಿರುಗುತ್ತದೆ, ಕಂಪ್ಯೂಟರ್ ಏಳುವುದಿಲ್ಲ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಶಿಕ್ಷಕ. 2010ರಲ್ಲಿ ಬಿಡಿಭಾಗಗಳನ್ನು ತಂದು ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರ್ ಒಂದು ನನ್ನಲ್ಲಿದೆ. ಈ ಮಳೆಗಾಲದಲ್ಲಿ ಮನೆಗೆ ಬೀಗ ಹಾಕಿ ಎರಡು ತಿಂಗಳು ತೀರ್ಥಹಳ್ಳಿಯ ಮಗಳ ಮನೆಯಲ್ಲಿದ್ದೆ. ವಾಪಸು ಬಂದು ಗುಂಡಿ ಒತ್ತಿದರೆ ಒಳಗಿನ ಫ್ಯಾನ್ ಎರಡು ಮೂರು ಸೆಕೆಂಡು ತಿರುಗಿ ನಿಲ್ಲುತ್ತದೆ, ತಾನಾಗಿಯೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಮಾನಿಟರ್ ಮೇಲೆ ‘ನೋ ಸಿಗ್ನಲ್’ ಎಂದಷ್ಟೇ ಬರುತ್ತದೆ. ಅಂಗಡಿಯವರು ಪೆಟ್ಟಿಗೆ ತೆರೆಯದೆಯೇ “ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಂಡುಬಿಡಿ” ಎಂದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ ಬರಹಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಮೇಷ್ಟ್ರೇ, ಪೆಟ್ಟಿಗೆ ತೆರೆಯದೆ ಹೇಳಿದ ಮಾತನ್ನು ತೀರ್ಪೆಂದು ಒಪ್ಪಿಕೊಳ್ಳಬೇಡಿ. ನಿಮ್ಮ ಬರಹಗಳಿರುವುದು ಹಾರ್ಡ್ ಡಿಸ್ಕ್‌ನಲ್ಲಿ. ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡ್ ನಿಜವಾಗಿಯೂ ಕೆಟ್ಟಿದ್ದರೂ ಡಿಸ್ಕ್ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ. ಆದ್ದರಿಂದ ಯಂತ್ರದ ಚಿಂತೆಯನ್ನೂ ಬರಹಗಳ ಚಿಂತೆಯನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳೋಣ.

ಫ್ಯಾನ್ ತಿರುಗುತ್ತಿದೆ ಎಂದರೆ ಗೋಡೆಯ ಪ್ಲಗ್, ಕೇಬಲ್, ಗುಂಡಿ ಈ ಮೂರೂ ಸರಿಯಿವೆ; ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸ್ವಲ್ಪಮಟ್ಟಿಗಾದರೂ ಕೆಲಸ ಮಾಡುತ್ತಿದೆ. ಕಂಪ್ಯೂಟರ್ ಎದ್ದೊಡನೆ, ಪರದೆಯ ಮೇಲೆ ಏನಾದರೂ ಮೂಡುವುದಕ್ಕೆ ಮುಂಚೆಯೇ, ಲೆಕ್ಕ ಮಾಡುವ ತನ್ನ ಪ್ರೊಸೆಸರ್ ಮತ್ತು ಕೆಲಸದ ಹೊತ್ತಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಸರಿಯಿವೆಯೇ ಎಂದು ಪರೀಕ್ಷಿಸಿಕೊಳ್ಳುತ್ತದೆ. ನಿಮ್ಮದು ಆ ಹಂತದಲ್ಲೇ ಮುಗ್ಗರಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಿರುವಂತಿದೆ. ತಿಂಗಳುಗಟ್ಟಲೆ ಮುಚ್ಚಿದ ಮನೆಯ ತೇವದಲ್ಲಿ ನಿಂತಿದ್ದ ಹಳೆಯ ಯಂತ್ರ ಹೀಗೆ ಮಾಡಿದಾಗ ನಾನು ಮೊದಲು ಅನುಮಾನಿಸುವುದು ರ‍್ಯಾಮ್ ಅನ್ನು.

ನಮ್ಮಲ್ಲಿ ಎಲ್ಲರೂ ‘ಸಿಪಿಯು’ ಎಂದೇ ಕರೆಯುವ ಆ ಪೆಟ್ಟಿಗೆಯನ್ನು ತೆರೆಯುವ ಮುನ್ನ ಗೋಡೆಯಿಂದ ಪ್ಲಗ್ಗನ್ನೇ ಕಿತ್ತುಬಿಡಿ. ಕಂಪ್ಯೂಟರ್ ನಿಂತಿದ್ದರೂ ಪ್ಲಗ್ ಇರುವಷ್ಟು ಹೊತ್ತು ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಪ್ಲಗ್ ತೆಗೆದ ಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ದೂಳಿನ ಜೊತೆಗೆ ಜಿರಲೆಯೋ ಹಲ್ಲಿಯ ಮೊಟ್ಟೆಯ ಚಿಪ್ಪೋ ಕಂಡರೆ ಗಾಬರಿ ಬೇಡ, ಬೆಂಗಳೂರಿನ ಹಳೆಯ ಪೆಟ್ಟಿಗೆಗಳಲ್ಲಿ ನಾನು ಎರಡನ್ನೂ ಕಂಡಿದ್ದೇನೆ. ಒಣಗಿದ ಪೇಂಟಿಂಗ್ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ.

ರ‍್ಯಾಮ್ ಎಂದರೆ ಗೇಣುದ್ದಕ್ಕಿಂತ ಕಡಿಮೆಯಿರುವ, ಎರಡು ತುದಿಯಲ್ಲೂ ಪ್ಲಾಸ್ಟಿಕ್ ಕ್ಲಿಪ್ ಹಿಡಿದುಕೊಂಡಿರುವ ಹಸಿರು ಪಟ್ಟಿ. ಕ್ಲಿಪ್ಪುಗಳನ್ನು ಹೊರಕ್ಕೆ ಒತ್ತಿದರೆ ಅದು ಮೇಲೇಳುತ್ತದೆ. ಅದರ ಕೆಳ ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಶಾಲೆಯ ಮಕ್ಕಳು ಬಳಸುವ ಬಿಳಿಯ ರಬ್ಬರಿನಿಂದ ಎರಡೂ ಬದಿಯನ್ನು ಹಗುರವಾಗಿ ಉಜ್ಜಿ. ರಬ್ಬರಿನ ಮೇಲೆ ಕಪ್ಪು ಗೆರೆಗಳು ಮೂಡುವುದನ್ನು ನೀವೇ ನೋಡುತ್ತೀರಿ. ರಬ್ಬರಿನ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಹಲ್ಲುಗಳನ್ನು ಬೆರಳಿನಿಂದ ಮುಟ್ಟದೆ, ಎರಡೂ ಕ್ಲಿಪ್ಪುಗಳು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದನ್ನು ಮಾತ್ರ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಪ್ರತಿ ಸಲ ಒಂದೇ ಬದಲಾವಣೆ ಮಾಡಿ. ಇಲ್ಲವಾದರೆ ಸರಿಹೋದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ.

ಇಷ್ಟಕ್ಕೂ ಏಳದಿದ್ದರೆ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್‌ಗಳ ಕೇಬಲ್ ಬಿಡಿಸಿ ಪ್ರಯತ್ನಿಸಿ. ಪ್ರೊಸೆಸರ್ ಬಳಿ ಕೂರುವ, ಹಳದಿ ಮತ್ತು ಕಪ್ಪು ವೈರುಗಳ ನಾಲ್ಕು ಪಿನ್ನಿನ ಚಿಕ್ಕ ಕನೆಕ್ಟರ್ ಸಡಿಲವಾಗಿದೆಯೇ ನೋಡಿ. ಅದು ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಆದರೆ ಪ್ರೊಸೆಸರಿಗೆ ವಿದ್ಯುತ್ ಸಿಗುವುದಿಲ್ಲ. ಮದರ್‌ಬೋರ್ಡ್ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಯಾವುದಾದರೂ ಒಂದು ಪೂರಿಯಂತೆ ಉಬ್ಬಿದ್ದರೆ, ಅಥವಾ ಅದರ ತಲೆಯ ಮೇಲೆ ಕಂದು ಅಂಟು ಒಣಗಿದ್ದರೆ, ಅಂಗಡಿಯವರ ಮಾತು ನಿಜವಿರಬಹುದು.

ಮದರ್‌ಬೋರ್ಡಿಗೆ ಜೀವವಿದೆಯೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ರ‍್ಯಾಮ್ ಅನ್ನು ಪೂರ್ತಿ ತೆಗೆದು, ಬೋರ್ಡಿನ ಸ್ಪೀಕರ್ ಪಿನ್ನಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿ. ಬಿಟ್ಟು ಬಿಟ್ಟು ‘ಬೀಪ್’ ಸದ್ದು ಬಂದರೆ ‘ರ‍್ಯಾಮ್ ಎಲ್ಲಿ?’ ಎಂದು ಬೋರ್ಡ್ ದೂರುತ್ತಿದೆ ಎಂದರ್ಥ. ದೂರುವಷ್ಟು ಶಕ್ತಿಯಿರುವ ಬೋರ್ಡ್ ಪೂರ್ತಿ ಸತ್ತಿಲ್ಲ, ಬದಲಿಸಬೇಕಾದದ್ದು ರ‍್ಯಾಮ್ ಇರಬಹುದು. ಏನೂ ಸದ್ದಿಲ್ಲದಿದ್ದರೆ ಮುಂದಿನ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರ 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರೊಳಗೆ ಇರಬೇಕು. ಇದನ್ನು ಮಲ್ಟಿಮೀಟರ್ ಬಳಸಬಲ್ಲವರಿಂದ ಅಳೆಸಿ, ಅಥವಾ ಪರಿಚಯದವರ ಎಸ್‌ಎಂಪಿಎಸ್ ತಂದು ಹಾಕಿ ನೋಡಿ. ಅದರ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ಒಳಗೆ 300 ವೋಲ್ಟಿಗೂ ಹೆಚ್ಚು ವಿದ್ಯುತ್ ಸಂಗ್ರಹವಾಗಿರುತ್ತದೆ. ಹಿಂಬದಿಯಲ್ಲಿ 115, 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. ಕುತೂಹಲಕ್ಕೆ ಅದನ್ನು ಸರಿಸಿ ಹೊಗೆ ಬರಿಸಿದವರಿದ್ದಾರೆ.

ರ‍್ಯಾಮ್, ಎಸ್‌ಎಂಪಿಎಸ್, ಸ್ಪೀಕರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಹಳೆಯ ರ‍್ಯಾಮ್ ಕೂಡ, ಸಿಗುತ್ತವೆ. ನಿಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ: ಡಿಡಿಆರ್2, ಡಿಡಿಆರ್3 ಎಂಬ ರ‍್ಯಾಮ್ ಬಗೆಗಳು ನೋಡಲು ಒಂದೇ ತರಹ ಇದ್ದರೂ ಅಂಚಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ರ‍್ಯಾಮ್ ಮತ್ತು ಎಸ್‌ಎಂಪಿಎಸ್ ಇವೆರಡಕ್ಕೆ ಹಣ ಹಾಕುವುದು ಸರಿ. ಅಷ್ಟು ಹಳೆಯ ಮದರ್‌ಬೋರ್ಡನ್ನೇ ಮತ್ತೆ ಕೊಳ್ಳಬೇಕಾಗಿ ಬಂದರೆ ನಾನಾದರೆ ಕೊಳ್ಳುವುದಿಲ್ಲ.

ಆಗ ಹಾರ್ಡ್ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೇಬಲ್ ಮೂಲಕ ಮಗಳ ಲ್ಯಾಪ್‌ಟಾಪಿಗೆ ಜೋಡಿಸಿ ಬರಹಗಳನ್ನು ಪ್ರತಿ ಮಾಡಿಕೊಳ್ಳಬಹುದು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾದ್ದರಿಂದ, ಪ್ರತ್ಯೇಕ ಅಡಾಪ್ಟರ್ ಇರುವ ಕೇಬಲ್ಲನ್ನೇ ಕೇಳಿ ತನ್ನಿ. ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬಂದರೆ ತಕ್ಷಣ ನಿಲ್ಲಿಸಿ ದತ್ತಾಂಶ ಮರಳಿ ಪಡೆಯುವ ತಜ್ಞರಿಗೆ ಒಪ್ಪಿಸಿ. ಇನ್ನೊಂದು ಮಾತು: ‘ನುಡಿ’ಯ ಹಳೆಯ ಕಡತಗಳು ಅದರ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಂತೆ ಕಾಣಬಹುದು. ಬರಹ ಹಾಳಾಯಿತೆಂದು ಅಳಿಸಿಬಿಡಬೇಡಿ. ಫಾಂಟ್ ಹಾಕಿದರೆ ಓದಲು ಬರುತ್ತದೆ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯುನಿಕೋಡ್ ಅಕ್ಷರ ಸಂಕೇತಕ್ಕೆ ಪರಿವರ್ತಿಸಿಕೊಂಡರೆ ಆ ತೊಂದರೆ ಮತ್ತೆ ಬರುವುದಿಲ್ಲ.

ಪ್ರಶ್ನೆ: ನನ್ನ ಹಳೆಯ ಕಂಪ್ಯೂಟರ್ ದಿನಾ ಬೆಳಿಗ್ಗೆ ‘ಎಫ್1 ಒತ್ತಿ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ, ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತದೆ. ಬ್ಯಾಂಕಿನ ತಾಣವೂ ತೆರೆಯುತ್ತಿಲ್ಲ.
— ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಮುಗಿದಿದೆ. ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ತಪ್ಪಿದ್ದಾಗ ತಾಣದ ಭದ್ರತಾ ಪ್ರಮಾಣಪತ್ರ ಬ್ರೌಸರಿಗೆ ಸರಿಹೊಂದದ ಕಾರಣ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಸೆಲ್ ಬದಲಿಸುವ ಮುನ್ನ, ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಸೆಟಪ್ ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರ್ ಡಿಸ್ಕಿನೊಡನೆ ವ್ಯವಹರಿಸುವ ಬಗೆಯನ್ನು ಹೇಳುವ ‘ಎಎಚ್‌ಸಿಐ’ ಅಥವಾ ‘ಐಡಿಇ’ ಆಯ್ಕೆ ಬದಲಾಗಿಹೋದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಹಾಗಾದರೆ ಫೋಟೊದಲ್ಲಿರುವಂತೆ ಅದನ್ನು ಮೊದಲಿನ ಆಯ್ಕೆಗೇ ಮರಳಿಸಿ.